ಗುಂಡಿಗಾದ ಅಜೀರ್ಣ

ನಮ್ಮ ಕಟ್ಟಡದ ಇಪ್ಪತ್ತನಾಲ್ಕು ಮನೆಗಳ ಹೊಟ್ಟೆಯ ಗುಟ್ಟು ಗೊತ್ತಿರುವುದು ಡಾಕ್ಟರಿಗಲ್ಲ, ಬಕೆಟ್ ಅಕ್ಕನಿಗೆ. ಹದಿನಾಲ್ಕು ವರ್ಷಗಳಿಂದ ಬಾಗಿಲ ಬಾಗಿಲಿನ ಹಸಿ ಕಸ ಒಯ್ದು, ಕಟ್ಟಡದ ಹಿಂದಿನ ಗೊಬ್ಬರದ ಗುಂಡಿಗೆ ಸುರಿದು, ಒಣ ಎಲೆ ಹೊದಿಸುತ್ತಾರೆ. ಆಮೇಲೆ ಒಂದು ಹಿಡಿ ಎತ್ತಿ ಮೂಸಿ ನೋಡುತ್ತಾರೆ. ಹಸಿ ಮಣ್ಣಿನ ವಾಸನೆ ಬಂದರೆ ಅಂದು ಅವರ ಮುಖ ಅರಳುತ್ತದೆ.

ಕಳೆದ ತಿಂಗಳು ಗುಂಡಿ ಗಬ್ಬೆದ್ದಿತು. ಬರುವ ಭಾನುವಾರದ ಸಭೆಯೊಳಗೆ ಕಾರಣ ಗೊತ್ತಾಗದಿದ್ದರೆ ಗುಂಡಿ ಮುಚ್ಚಿ ಅಲ್ಲಿ ಕಾರು ನಿಲ್ಲಿಸುವುದೆಂದು ನಮ್ಮ ಕಾರ್ಯದರ್ಶಿ ಸಾರಿದರು. ಗುಂಡಿ ಹೋದರೆ ಅಕ್ಕನ ಕೆಲಸವೂ ಹೋದಂತೆಯೇ.

"ಯಾರೋ ಅನ್ನ, ಹಾಲು, ಬ್ರೆಡ್ಡು ಹಾಗೇ ಸುರೀತಿದಾರೆ ಸಾರ್. ಗುಂಡಿಗೆ ಅಜೀರ್ಣ ಆಗಿದೆ," ಎಂದರು ಅಕ್ಕ, ಮರುದಿನ ಗುಂಡಿಯ ಬಳಿ ನನ್ನನ್ನು ಕಂಡು.

"ಎಂಥ ಜನಾನೋ!" ಎಂದೆ ನಾನು.

"ಒಂದು ಕೋಸು ಬೆಳೆಯೋಕೆ ಎಷ್ಟು ನೀರು, ಇಲ್ಲಿಗೆ ತರೋಕೆ ಎಷ್ಟು ಡೀಸೆಲ್ಲು! ಎಲ್ಲಾ ಬಂದು ಇಲ್ಲಿ ನಾರ್ತಿದೆ. ಸಿಗೋದೆಲ್ಲ ಮೂರನೇ ಮಹಡಿ ಮೇಷ್ಟ್ರ ಬಕೆಟ್ಟಲ್ಲಿ. ಪಾಪ, ಅವರು ಸಿಪ್ಪೆ ಬಿಟ್ರೆ ಏನೂ ಎಸೆಯೋರಲ್ಲ."

ನಾನು ಅವಸರದಿಂದ ಮನೆಯ ಕಡೆ ತಿರುಗಿದೆ. ರಿಯಾಯಿತಿಯ ಬೋರ್ಡು ಕಂಡರೆ ನನಗೆ ಮೈಮೇಲೆ ಎಚ್ಚರವಿರುವುದಿಲ್ಲ. ಇಬ್ಬರ ಮನೆಗೆ ಆರು ಜನರ ಸಾಮಾನು ಹೊತ್ತು ತರುತ್ತೇನೆ, ಹುಮ್ಮಸ್ಸಿನಲ್ಲಿ ಆರು ಜನರಿಗಾಗುವಷ್ಟು ಬೇಯಿಸುತ್ತೇನೆ. ಉಳಿದದ್ದನ್ನು ಹೆಂಡತಿಯ ಕಣ್ಣಿಗೆ ಬೀಳದಂತೆ, ವಾಕಿಂಗಿನ ನೆಪದಲ್ಲಿ, ಬೆಳಬೆಳಿಗ್ಗೆ ಮೇಷ್ಟ್ರ ಬಕೆಟ್ಟಿಗೆ ಸಾಗಿಸುತ್ತೇನೆ.

ಸಭೆಯಲ್ಲಿ ಕಾರ್ಯದರ್ಶಿ ಕೇಳಿದರು, "ಯಾವ ಮನೆ, ಹೇಳಮ್ಮ."

"ಹೇಳಲ್ಲ ಸಾರ್. ಬಕೆಟ್ಟಲ್ಲಿ ಕಂಡಿದ್ದನ್ನ ಬಾಯಿ ಬಿಟ್ರೆ ನಾಳೆ ಯಾರು ನನ್ನ ನಂಬಿ ಕಸ ಕೊಡ್ತಾರೆ?"

"ಹಾಗಾದ್ರೆ ಗುಂಡಿ ಮುಚ್ಚೋದೇ."

ಅಕ್ಕ ಸೆರಗು ಸರಿಮಾಡಿಕೊಂಡು ಹೊರಡಲು ತಿರುಗಿದರು. ನನಗೆ ಕೂರಲಾಗಲಿಲ್ಲ.

"ನಂದೇ ಸ್ವಾಮಿ," ಎಂದು ಎದ್ದೆ.

ಮೇಷ್ಟ್ರು ಕನ್ನಡಕ ತೆಗೆದು ನೋಡಿದರು. ಹೆಂಡತಿ ಮಾತ್ರ ಜೋರಾಗಿಯೇ ಕೇಳಿದಳು, "ದಿನಾ ವಾಕಿಂಗ್ ಮಾಡಿದ್ರೂ ಹೊಟ್ಟೆ ಯಾಕೆ ಕರಗಿಲ್ಲ ಅಂತ ಈಗ ಗೊತ್ತಾಯ್ತು!"

ನಗುವಿನಲ್ಲಿ ಸಭೆ ಮುಗಿಯಿತು, ಗುಂಡಿ ಉಳಿಯಿತು. ತಿಂಗಳಿಡೀ ಅದನ್ನು ಕೆದಕುವ ಶಿಕ್ಷೆ ನನ್ನ ಪಾಲಿಗೆ ಬಂತು.

"ನಾನೇ ಅಂತ ನಿಮಗೆ ಮೊದಲೇ ಗೊತ್ತಿತ್ತಾ ಅಕ್ಕಾ?" ಕೋಲು ಹಿಡಿದು ಬೆವರುತ್ತಾ ಕೇಳಿದೆ.

"ಬ್ರೆಡ್ಡಿನ ಅಂಚು ಕತ್ತರಿಸಿ ಬಿಸಾಕೋರು ಈ ಕಟ್ಟಡದಲ್ಲಿ ನೀವೊಬ್ರೇ ಅಲ್ವಾ ಸಾರ್? ಮಾತು ಸಾಕು, ಇನ್ನೂ ಸ್ವಲ್ಪ ಕೆಳಗಿನಿಂದ ಎತ್ತಿ."

ಎತ್ತಿದೆ. ಅಕ್ಕ ಒಂದು ಹಿಡಿ ಮೂಸಿ, ನನ್ನ ಮೂಗಿಗೂ ಹಿಡಿದರು. ಹಸಿ ಮಣ್ಣಿನ ವಾಸನೆ.