ಗೇರ್ ಹಾಕಿದ್ದೇ ಗೊತ್ತಾಗದ ಕೈ

ತಮ್ಮನ ಪಿಕಪ್ ಗಾಡಿ ಜರ್ಕ್ ಹೊಡೆಯತೊಡಗಿದೆ ಎಂದು ಕೇಳಿದ ದಿನ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ? ಒಡಹುಟ್ಟಿದವನು, ಅವನ ಕೇಡು ಬಯಸಬಾರದು, ಎಲ್ಲ ಗೊತ್ತು. ಆದರೂ ಆವತ್ತು ಒಂದು ರೊಟ್ಟಿ ಹೆಚ್ಚಿಗೇ ತಿಂದೆ.

ನನ್ನ ಸಿಟ್ಟು ಇದ್ದದ್ದು ಗಾಡಿಯ ಮೇಲಲ್ಲ, ಅಪ್ಪನ ವಿಷಯಕ್ಕೆ. ನಮ್ಮ ಊರು ನಿಂಬರ್ಗಾ, ಇರುವುದು ತೊಗರಿ, ಜೋಳದ ಹೊಲ. ಅಪ್ಪ ಆಯುಷ್ಯವೆಲ್ಲ ಟ್ರ್ಯಾಕ್ಟರು, ಜೀಪು ಓಡಿಸಿದವನು. ಕಣ್ಣು ಮಂಜಾದ ಮೇಲೆ ಸ್ಟೇರಿಂಗ್ ಬಿಟ್ಟ, ಹೇಳುವುದನ್ನು ಮಾತ್ರ ಬಿಡಲಿಲ್ಲ. ನನಗೆ ಗಾಡಿ ಕಲಿಸಿದವನು ಅವನೇ, ಇನ್ನೂ ಕಲಿಸುತ್ತಲೇ ಇದ್ದಾನೆ. ನನಗೆ ನಲವತ್ತು ದಾಟಿದೆ, ಮಗಳು ಕಾಲೇಜಿಗೆ ಹೋಗುತ್ತಾಳೆ, ಆಳಂದದ ಮಾರ್ಕೆಟ್ಟಿಗೆ ತೊಗರಿ ಹೇರಿಕೊಂಡು ಹೋಗಿ ಹೋಗಿ ದಾರಿಯ ತಗ್ಗುಗಳೆಲ್ಲ ಬಾಯಿಪಾಠವಾಗಿವೆ. ಆದರೂ ನನ್ನ ಹಳೆಯ ಪಿಕಪ್ ಊರ ಅಗಸಿ ಬಾಗಿಲು ದಾಟುವಷ್ಟರಲ್ಲಿ ಅಪ್ಪನದು ಶುರು.

“ಲೇ, ಸೆಕೆಂಡ್‌ಗೆ ತಗೋ. ಇಂಜಿನ್ ಅಳಾಕತ್ತದ, ಕೇಳಸಂಗಿಲ್ಲೇನು? ಕ್ಲಚ್ ಪೂರಾ ಒತ್ತು. ದನಾ, ದನಾ ಇದ್ದಿ ನೀ!”

ಗೇರಿನ ಮೇಲೆ ನನ್ನ ಎಡಗೈ, ಅದರ ಮೇಲೆ ಅವನ ಬಲಗೈ. ಕಣ್ಣು ಸರಿಯಾಗಿ ಕಾಣದಿದ್ದರೂ ಇಂಜಿನ್ನಿನ ಸಪ್ಪಳ ಕೇಳಿಯೇ ಯಾವ ಗೇರು ಬೇಕೆಂದು ಹೇಳುತ್ತಿದ್ದ. ನಾನೂ ಬಿಡುತ್ತಿರಲಿಲ್ಲ, “ಸುಮ್ನ ಕುಂದ್ರು ಯಪ್ಪಾ, ತಲಿ ತಿನಬ್ಯಾಡ” ಎಂದು ಕೂಗುತ್ತಿದ್ದೆ. ಜಗಳವಾಡುತ್ತಲೇ ಆಳಂದ ಬಂದುಬಿಡುತ್ತಿತ್ತು.

ತಮ್ಮ ನನಗಿಂತ ಬಹಳ ಚಿಕ್ಕವನು. ಅಫಜಲಪುರದಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಅವನು ಗಾಡಿ ಕಲಿಯುವ ಹೊತ್ತಿಗೆ ಅಪ್ಪನ ಕಣ್ಣು ಮಂಜಾಗಿದ್ದವು, ಹಾಗಾಗಿ ಕಲಬುರಗಿಯ ಡ್ರೈವಿಂಗ್ ಸ್ಕೂಲಿನಲ್ಲಿ ಹೇಗೋ ಕಲಿತು ಲೈಸೆನ್ಸ್ ಮಾಡಿಸಿಕೊಂಡ. ಆಮೇಲೆ ನೇರವಾಗಿ ಒಂದು ದೊಡ್ಡ ಪಿಕಪ್ ತಂದ. ಸೆಕೆಂಡ್ ಹ್ಯಾಂಡ್, ಆದರೆ ಹಿಂದೆಯೂ ಸೀಟು, ಒಳಗೆ ಎ.ಸಿ., ಮತ್ತು ಗೇರು ಆಟೋಮ್ಯಾಟಿಕ್. ಕ್ಲಚ್ಚೇ ಇಲ್ಲ. ಹೊರಡುವಾಗ ಗೇರಿನ ಹಿಡಿಯನ್ನು ಒಮ್ಮೆ ಎಳೆದರೆ ಮುಗಿಯಿತು, ಉಳಿದದ್ದೆಲ್ಲ ಗಾಡಿಯದೇ.

ಅಪ್ಪ ಮೊದಲ ಸಲ ಅದರಲ್ಲಿ ಕೂತು ಊರಿಗೆ ಬಂದ. ಕೆಳಗಿಳಿದವನೇ, ಓಣಿಯ ನಾಲ್ಕು ಮಂದಿಯ ಎದುರು ನನಗೆ ಹೇಳಿದ: “ನಿನ್ನ ತಮ್ಮಂದು ಎಂಥಾ ಕೈ ಅದಲೇ! ಗೇರ್ ಹಾಕಿದ್ದ ಗೊತ್ತಾಗಂಗಿಲ್ಲ. ನೀನೂ ಅದೀ!”

“ಯಪ್ಪಾ, ಅಂವ ಹಾಕಂಗೇ ಇಲ್ಲ. ಗಾಡಿ ತಾನ ಹಾಕೋತದ. ಆಟೋಮ್ಯಾಟಿಕ್ ಅದು” ಎಂದೆ.

“ಗಾಡಿ ತಾನ ಗೇರ್ ಹಾಕೋತದಂತ! ನಾಳಿ ನೇಗಿಲಾ ತಾನ ಹೊಲಾ ಹೊಡೀತದ ಅಂತಿ. ಹೊಟ್ಟಿಕಿಚ್ಚು ಬ್ಯಾಡಲೇ ಮಗನ.”

ಆಟೋಮ್ಯಾಟಿಕ್ ಎಂದರೆ ಕಿಟಕಿಯ ಗಾಜು ತಾನೇ ಏರಿ ಇಳಿಯುವುದು, ಅಷ್ಟೇ ಎಂದು ಅವನು ತಿಳಿದಿದ್ದ. ತಮ್ಮನಿಗೋ ಎಡಗೈಯನ್ನು ಗೇರಿನ ಮೇಲೇ ಇಟ್ಟುಕೊಂಡು ಓಡಿಸುವ ಚಟ. ಅಪ್ಪನ ಮಂಜುಗಣ್ಣಿಗೆ ಅಷ್ಟು ಸಾಕಾಯಿತು. ತಮ್ಮನಾದರೂ ಬಾಯಿ ಬಿಟ್ಟು ಹೇಳಬೇಕೋ ಬೇಡವೋ? “ಎಲ್ಲಾ ನಿನ್ನ ಆಶೀರ್ವಾದ ಯಪ್ಪಾ” ಎಂದು ಮುಸಿಮುಸಿ ನಕ್ಕ. ಕಳ್ಳ!

ಅಲ್ಲಿಂದ ಅಪ್ಪ ನನ್ನ ಗಾಡಿ ಹತ್ತುವುದೇ ಕಡಿಮೆಯಾಯಿತು. ಯಡ್ರಾಮಿಯ ಬೀಗರ ಮನೆಯ ಮದುವೆಗೆ ತಮ್ಮ ಬರಬೇಕು, ಕಣ್ಣಿನ ಡಾಕ್ಟರ ಹತ್ತಿರ ಹೋಗಲು ತಮ್ಮನಿಗೇ ಫೋನ್. ನನ್ನ ಪಕ್ಕದ ಸೀಟಿನಲ್ಲಿ ಬುತ್ತಿ ಗಂಟು, ನೀರಿನ ಬಾಟ್ಲಿ ಕೂರತೊಡಗಿದವು. ನನಗೆ ಬೇಕಾಗಿದ್ದದ್ದು ಒಂದೇ. ಅದು ತಮ್ಮನ ಕೈಯ ಗುಣವಲ್ಲ, ಗಾಡಿಯದು ಎಂದು ಅಪ್ಪ ತನ್ನ ಬಾಯಿಂದಲೇ ಒಪ್ಪಬೇಕು, ಒಪ್ಪಿ ಮತ್ತೆ ನನ್ನ ಪಕ್ಕ ಬಂದು ಕೂರಬೇಕು.

ಅಷ್ಟರಲ್ಲಿ ತಮ್ಮನ ಗಾಡಿ ಕೈಕೊಟ್ಟಿತು. ಗೇರು ಬದಲಾಗುವಾಗ ಹಿಂದಿನಿಂದ ಯಾರೋ ಒದ್ದಂತೆ ಜರ್ಕ್. ಈಗಲಾದರೂ ಅಪ್ಪ ಬೈದಾನು ಎಂದು ಕಾದೆ. ಬೈಯಲಿಲ್ಲ. “ಅಂವಗ ಏನೋ ಚಿಂತಿ ಹತ್ತ್ಯದ. ಅದಕ್ಕ ಕೈ ತಪ್ಪಾಕತ್ತದ, ಪಾಪ” ಎಂದ. ನಾನು ಜರ್ಕ್ ಹೊಡೆಸಿದರೆ ದನ, ಅವನು ಹೊಡೆಸಿದರೆ ಪಾಪ! ಆ ದಿನ ಹೆಂಡತಿಯ ಮೇಲೆ, ಎಮ್ಮೆಯ ಮೇಲೆ, ಎಲ್ಲರ ಮೇಲೂ ಕೂಗಾಡಿದೆ.

ತಮ್ಮ ಫೋನ್ ಮಾಡಿದ. “ಅಣ್ಣಾ, ಗೇರ್ ಎಣ್ಣಿ ಬದಲಸಬೇಕಂತ. ಆಟೋಮ್ಯಾಟಿಕ್ ಗಾಡಿ ಮುಟ್ಟೋ ಮಿಸ್ತ್ರಿ ಜೇವರ್ಗಿಯಾಗ ಒಬ್ಬ ಅದಾನ. ನೀ ಜೊತಿಗಿ ಬಾ, ನನಗೇನೂ ತಿಳಿಯಂಗಿಲ್ಲ.” ನಾನು ತಕ್ಷಣ ಒಪ್ಪಿದೆ. ಜೇವರ್ಗಿಯಿಂದ ಎಮ್ಮೆಗಳಿಗೆ ಹಿಂಡಿ ತರುವುದಿದ್ದದ್ದರಿಂದ ನನ್ನ ಗಾಡಿಯನ್ನೂ ತೆಗೆದುಕೊಂಡೆ. ಅಪ್ಪನೂ ಬರಲಿ ಎಂದು ಹಟ ಹಿಡಿದವನು ನಾನೇ. ಮಿಸ್ತ್ರಿಯ ಬಾಯಿಂದ ಅವನಿಗೆ ನಿಜ ಕೇಳಿಸುವುದು ನನ್ನ ಹಂಚಿಕೆ.

ಆ ದಿನ ತಮ್ಮ ಊರಿಗೇ ಬಂದ, ಅಪ್ಪ ನನ್ನ ಗಾಡಿಯ ಕಡೆ ತಿರುಗಿಯೂ ನೋಡದೆ ತಮ್ಮನ ಪಕ್ಕ ಹತ್ತಿದ. ಊರಿನಿಂದ ಜೇವರ್ಗಿಯವರೆಗೂ ನಾನು ಅವರ ಹಿಂದೆ ಹಿಂದೆ ಧೂಳು ತಿನ್ನುತ್ತ ಹೋದೆ. ಅವರ ಗಾಡಿಯ ಹಿಂದಿನ ಗಾಜಿನಲ್ಲಿ ಎರಡು ತಲೆ ಕಾಣುತ್ತಿದ್ದವು. ಅಪ್ಪನ ಹಳದಿ ರುಮಾಲು ಒಂದು ಕಡೆಗೆ ವಾಲಿತ್ತು, ಆ ಜರ್ಕಿನಲ್ಲೂ ನಿದ್ದೆ ಹೊಡೆಯುತ್ತಿದ್ದ. ನನ್ನ ಗಾಡಿಯಲ್ಲಿ ಒಂದು ಸಲವೂ ಕಣ್ಣು ಮುಚ್ಚಿದವನಲ್ಲ.

ಮಿಸ್ತ್ರಿ ಪುಣೆಯಲ್ಲಿ ಕೆಲಸ ಮಾಡಿ ಬಂದವನು, ಅದನ್ನು ಬಂದವರಿಗೆಲ್ಲ ಹೇಳಿಕೊಳ್ಳುವವನು. ಗಾಡಿಯನ್ನು ಗ್ಯಾರೇಜಿನ ಗುಂಡಿಯ ಮೇಲೆ ನಿಲ್ಲಿಸಿ ಅದರೊಳಗೆ ಇಳಿದ. ಬೋಲ್ಟ್ ಬಿಚ್ಚಿದ್ದೇ ಎಣ್ಣೆ ಡಬ್ಬಿಗೆ ಇಳಿಯಿತು. ಕರೀ ಮಸಿ, ಸುಟ್ಟ ವಾಸನೆ.

“ಯಾ ಅಲ್ಲಾ! ಇದನ್ನ ಒಮ್ಮಿಯೂ ಬದಲಸಿಲ್ಲೇನ್ರಿ?” ಎಂದ.

“ಬದಲಸೋದೇ ಬ್ಯಾಡ ಅಂತ ಗಾಡಿ ಮಾರಿದವ ಹೇಳಿದ್ದ” ಎಂದು ತಮ್ಮ ತಲೆ ಕೆರೆದುಕೊಂಡ.

ನಾನು ಅಪ್ಪನ ಖುರ್ಚಿಯನ್ನು ಗುಂಡಿಯ ಅಂಚಿಗೇ ಎಳೆದು ತಂದೆ. ಆಮೇಲೆ ಏನೂ ಅರಿಯದವನ ಹಾಗೆ ಕೇಳಿದೆ: “ಉಸ್ತಾದ್, ಈ ಗಾಡಿಗಿ ಗೇರ್ ಯಾರು ಹಾಕ್ತಾರ್ರಿ? ಸ್ವಲ್ಪ ಜೋರಾಗಿ ಹೇಳ್ರಿ, ನಮ್ಮಪ್ಪಗ ಕೇಳಸಲಿ.”

“ಯಾರ್ ಹಾಕ್ತಾರ್ರಿ? ಗಾಡೀನೇ ಹಾಕೋತದ. ಈ ಎಣ್ಣಿ ಜೋರಿಗಿ ಗೇರ್ ತಾನ ಬೀಳತದ. ಎಣ್ಣಿ ಸತ್ತರ ಹಿಂಗ ಒದೀತದ. ಮುತ್ಯಾ, ಇದಕ್ಕ ಕ್ಲಚ್ಚೇ ಇಲ್ರಿ.”

ಅಪ್ಪ ಕೈ ಚಾಚಿ ಹಳೆಯ ಎಣ್ಣೆಯಲ್ಲಿ ಬೆರಳದ್ದಿ ಮೂಸಿದ. ಮಿಸ್ತ್ರಿ ಗೇರ್‌ಬಾಕ್ಸಿನ ಕೆಳಗಿನ ತಟ್ಟೆ ತೊಳೆದು, ಫಿಲ್ಟರ್ ಬದಲಿಸಿ, ಹೊಸ ಎಣ್ಣೆಯನ್ನು ಪಂಪಿನಿಂದ ಏರಿಸಿದ. ಅದು ಕುಂಕುಮದ ನೀರಿನಂತೆ ಕೆಂಪಗಿತ್ತು. ಅದನ್ನೂ ಅಪ್ಪ ಬೆರಳಿಂದ ತಿಕ್ಕಿ ನೋಡಿದ. ಕೆಲಸ ಮುಗಿದು ಗಾಡಿ ಗುಂಡಿಯಿಂದ ಈಚೆ ಬಂದ ಮೇಲೆ ಅವನು ತಾನಾಗಿ ಎದ್ದು, ಬಾಗಿಲು ತಡವಿ, ಡ್ರೈವರ್ ಸೀಟಿನಲ್ಲಿ ಕೂತ. ಎಡಗಾಲು ಚಾಚಿ ಕ್ಲಚ್ಚನ್ನು ಹುಡುಕಿದ. ಆಚೆಗೊಮ್ಮೆ, ಈಚೆಗೊಮ್ಮೆ. ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಮತ್ತೊಮ್ಮೆ. ತಮ್ಮ ನೆಲ ನೋಡುತ್ತ ನಿಂತಿದ್ದ. ನಾನು ಗೆದ್ದಿದ್ದೆ, ಆದರೆ ಮಿಸ್ತ್ರಿ ತರಿಸಿದ ಚಹಾವನ್ನು ಅರ್ಧಕ್ಕೇ ಕೆಳಗಿಟ್ಟೆ.

“ಅಣ್ಣಾ, ನೀನೇ ಹೊಡಕೊಂಡು ಬಾ. ಇನ್ನೂ ಜರ್ಕ್ ಅದನೋ ಇಲ್ಲೋ ನಿನಗ ಗೊತ್ತಾಗತದ” ಎಂದು ತಮ್ಮ ಕೀಲಿ ನನ್ನ ಕೈಗಿಟ್ಟ. ಹಿಂಡಿ ಹೇರಿದ್ದ ನನ್ನ ಗಾಡಿಯನ್ನು ಅವನು ತೆಗೆದುಕೊಂಡ. ಅಪ್ಪ ನನ್ನ ಪಕ್ಕ ಕೂತ. ಎಷ್ಟು ದಿನದ ಮೇಲೆ!

ಗಾಡಿ ಬೆಣ್ಣೆಯಂತೆ ಹೊರಟಿತು. ಊರಾಚೆ ಒಂದು ಹಂಪ್ ಬಂತು. ರೂಢಿಯಂತೆ ಕ್ಲಚ್ ಒತ್ತಲು ಹೋಗಿ ನನ್ನ ಎಡಗಾಲು ಬ್ರೇಕಿನ ಮೇಲೆ ದಪ್ಪನೆ ಬಿತ್ತು. ಇಬ್ಬರೂ ಮುಂದಕ್ಕೆ ಮುಗ್ಗರಿಸಿದೆವು. ‘ದನಾ’ ಎನ್ನುತ್ತಾನೆ ಎಂದು ಕಾದೆ. ಅಪ್ಪ ರುಮಾಲು ಸರಿಪಡಿಸಿಕೊಂಡ, ಅಷ್ಟೇ.

ಆಮೇಲೆ, “ಹೌದಲೇ, ನೀ ಹೇಳಿದ್ದು ಖರೇ. ಗಾಡಿ ತಾನ ಹಾಕೋತದ” ಎಂದ. ನಾನು ಕಾದಿದ್ದ ಮಾತು. ಅದರ ಬೆನ್ನಿಗೇ ಕೇಳಿದ: “ಮತ್ತ ಇದರಾಗ ಕುಂತು ನಾ ಏನು ಹೇಳಬೇಕು?”

ನಾನು ಗೇರಿನ ಮೇಲೆ ಸುಮ್ಮನೆ ಕೈ ಇಟ್ಟು, “ಯಪ್ಪಾ, ಥರ್ಡ್‌ಗೆ ತಗೋಲೇನು?” ಎಂದೆ.

“ಹುಚ್ಚದಾಟ ಹಚ್ಚಬ್ಯಾಡ” ಎಂದು ಮುಖ ಕಿಟಕಿಗೆ ತಿರುಗಿಸಿದ.

ಅದೇ ಹೊತ್ತಿಗೆ ಹಿಂದಿನಿಂದ ಕರ್ರ್ ಎಂಬ ಸಪ್ಪಳ. ಮತ್ತೊಮ್ಮೆ ಕರ್ರ್. ಅಪ್ಪ ನೆಟ್ಟಗಾದ. “ಯಾವನಲೇ ಅಂವ, ಹಲ್ಲು ಕಡದಂಗ ಗೇರ್ ಹಾಕಾಕತ್ತಾನ?”

“ಮತ್ತ್ಯಾರು? ನಿನ್ನ ಸಣ್ಣ ಮಗ” ಎಂದೆ, ಬೇಕಂತಲೇ ಉಪ್ಪು ಖಾರ ಹಚ್ಚಿ. “ನೀ ಹೊಗಳಿ ಹೊಗಳಿ ಅಟ್ಟಕ್ಕೇರಿಸಿದ ಕೈ.”

“ಕ್ಲಚ್ ಪೂರಾ ಒತ್ತವಲ್ಲ ಮಗ. ಅಂವಗ ಯಾರೂ ಹೇಳಿಕೊಟ್ಟೇ ಇಲ್ಲ. ಗಾಡಿ ನಿಂದರಸು. ನಿಂದರಸಲೇ!”

ನಿಲ್ಲಿಸಿದೆ. ಅಪ್ಪ ಇಳಿದು, ಬಡಿಗೆ ಊರುತ್ತ, ಹಿಂದೆ ಬಂದು ನಿಂತ ನನ್ನ ಹಳೆಯ ಪಿಕಪ್ಪಿನ ಕಡೆ ನಡೆದ. ಬಾಗಿಲು ತೆಗೆಯುವ ಮೊದಲೇ ಬಾಯಿ ಶುರುವಾಗಿತ್ತು. “ಸರಿ, ನೀ ಹೋಗು” ಎನ್ನುವಂತೆ ನನ್ನ ಕಡೆ ಬಡಿಗೆ ಬೀಸಿ ಹತ್ತಿ ಕೂತ.

ಗಾಡಿ ಬಿಟ್ಟೆ. ಕನ್ನಡಿಯಲ್ಲಿ ಅವರಿಬ್ಬರೂ ಕಾಣುತ್ತಿದ್ದರು. ತಮ್ಮ ಬೆವರುತ್ತ ನಗುತ್ತಿದ್ದ, ಅಪ್ಪ ಅವನ ಕಡೆ ಬಾಗಿ ಕೂಗುತ್ತಿದ್ದ, ಬಲಗೈ ಗೇರಿನ ಕಡೆ ಚಾಚಿತ್ತು. ಕೂಗು ಕೇಳೀತೇನೋ ಎಂದು ಗಾಜು ಇಳಿಸಿದೆ. ಬರೀ ಗಾಳಿ. ಇತ್ತ ಗಾಡಿ ಯಾವಾಗ ಗೇರು ಬದಲಿಸಿತೋ ಗೊತ್ತೇ ಆಗಲಿಲ್ಲ. ಒಂದು ಜರ್ಕೂ ಇಲ್ಲ, ಯಾರ ಮಾತೂ ಇಲ್ಲ. ಅಫಜಲಪುರ ಬರುವವರೆಗೂ ನನ್ನ ಹೊಟ್ಟೆ ಉರಿಯುತ್ತಲೇ ಇತ್ತು. ಆ ಗಾಡಿ ನನ್ನದು, ಆ ಗೇರು ನನ್ನದು, ಆ ‘ದನಾ’ ಕೂಡ ನನ್ನದೇ.