ಬಾಯಿ ಬಿಡದ ಲೆಕ್ಕ

ಯಂತ್ರದ ಗೇರಿನ ಹಲ್ಲು ಕೊರೆಯುವುದರಲ್ಲಿ ಆತನದು ಎತ್ತಿದ ಕೈ. ಅದಕ್ಕೇ ಎಲ್ಲರ ಬಾಯಲ್ಲೂ ಹಲ್ಲಯ್ಯ. ಅನುಮಾನದಲ್ಲೂ ಅಷ್ಟೇ, ತನ್ನ ನೆರಳು ಜೊತೆಗೆ ಬಂದರೂ ‘ಇದ್ಯಾಕೆ ಬೆನ್ನು ಹತ್ತಿದೆ’ ಎಂದು ತಿರುಗಿ ನೋಡುವ ಆಸಾಮಿ.

ಯಾವ ಗೇರಿಗೆ ಯಾವುದು ಜೋಡಿ ಎಂಬ ಲೆಕ್ಕವನ್ನು ಹಲ್ಲಯ್ಯ ಹಳೆಯ ಕಂಪ್ಯೂಟರಿನಲ್ಲಿ, ಸ್ಕೀಮ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿಟ್ಟಿದ್ದ. ಗುರುವಿಲ್ಲದೆ ಒಲಿಸಿಕೊಂಡ ವಿದ್ಯೆ. ತೆರೆದ ಕಂಸವನ್ನೆಲ್ಲ ಮುಚ್ಚಲೇಬೇಕೆಂಬ ಅದರ ಹಟ ಆತನಿಗೆ ಬಲು ಹಿಡಿಸಿತ್ತು. ಕಪ್ಪು ಪರದೆಯಲ್ಲಿ, ಆ ಭಾಷೆಯನ್ನು ಓದಿ ನಡೆಸುವ ಇಂಟರ್‌ಪ್ರಿಟರಿನ ಹೆಸರು ಹೊಡೆದರೆ ಅದು ಎದ್ದು ಕೂರುತ್ತಿತ್ತು. ಫೈಲನ್ನು ಒಳಗೆ ಕರೆದು ಪ್ರಶ್ನೆ ಕೊಟ್ಟರೆ ಕೆಳಗಿನ ಸಾಲಿನಲ್ಲೇ ಉತ್ತರ.

ತಲೆನೋವೆಂದರೆ, ಪ್ರಶ್ನೆಯೂ ಉತ್ತರವೂ ಪರದೆಯ ಮೇಲೇ ಉಳಿಯುತ್ತಿದ್ದವು. ಬೆನ್ನ ಹಿಂದೆಯೇ, ಲೇತ್ ಯಂತ್ರದ ಬಳಿ, ಅಂಗಡಿಯಲ್ಲೇ ಕೆಲಸಕ್ಕಿದ್ದ ಅಳಿಯ ನಿಂತಿರುತ್ತಿದ್ದ.

“ಮಗಳನ್ನೇ ಕೊಟ್ಟಿದೀರಿ, ಲೆಕ್ಕ ಹೇಳ್ಕೊಡೋಕೇನು ದಾಡಿ?” ಎನ್ನುತ್ತಿದ್ದಳು ಹೆಂಡತಿ.

“ಮಗಳು ಆಗಾಗ ವಾಪಸ್ ಬರ್ತಾಳೆ ಕಣೆ. ವಿದ್ಯೆ ಹೋದ್ರೆ ಹೋಯ್ತು. ನಾಳೆ ಇವನು ಎದುರಿಗೇ ಅಂಗಡಿ ಹಾಕ್ತಾನೆ.”

ಒಂದು ಬೆಳಿಗ್ಗೆ ಮುದ್ರಣಾಲಯದಿಂದ ಮುರಿದ ಗೇರು ತನ್ನ ಜೋಡಿಯ ಸಮೇತ ಬಂತು. ಅದಿಲ್ಲದೆ ಅವರ ಯಂತ್ರ ನಿಂತಿತ್ತು. ಹಲ್ಲಯ್ಯ ಈ ಸಲ ಅಳಿಯನಿಗೆ ಕಾಣದಿರಲೆಂದು ಪ್ರಶ್ನೆಯನ್ನು ಫೈಲಿನೊಳಗೇ ಹುದುಗಿಸಿ, ಇಂಟರ್‌ಪ್ರಿಟರಿನ ಹೆಸರಿನ ಪಕ್ಕ ಫೈಲಿನ ಹೆಸರು ಕೊಟ್ಟು ಓಡಿಸಿದ. ಪರದೆಯಲ್ಲಿ ಏನೂ ಬರಲಿಲ್ಲ. ಮತ್ತೆ ಓಡಿಸಿದ. ಮತ್ತೆ ಬರೀ ಕತ್ತಲೆ. ಹಲ್ಲಯ್ಯ ಅಳಿಯನತ್ತ ತಿರುಗಿದ.

“ಏನಯ್ಯಾ, ಉಂಡ ಮನೆ ಜಂತೆ ಎಣಿಸ್ತೀಯಾ? ನನ್ನ ಫೈಲಿನ ಕರುಳು ಬಗೆದು ಬರಿದು ಮಾಡಿದೀಯ. ಇನ್ಮೇಲೆ ಈ ಹೊಸ್ತಿಲು ತುಳೀಬೇಡ!”

ಅಳಿಯ ಎಣ್ಣೆಗೈ ಒರೆಸಿಕೊಂಡು ಬಂದು ಇಣುಕಿದ.

“ಫೈಲಿಗೇನಾಗಿಲ್ಲ ಮಾವ, ಲೆಕ್ಕಾನೂ ಆಗಿದೆ. ಇಂಟರ್‌ಪ್ರಿಟರ್ ಒಳಗೆ ಕೂತು ಕೇಳಿದ್ರೆ ಅದು ತಾನಾಗೇ ಉತ್ತರ ಹೇಳುತ್ತೆ. ಹೀಗೆ ಹೊರಗಿಂದ ಓಡಿಸಿದ್ರೆ, ತೋರಿಸು ಅನ್ನೋವರೆಗೂ ಬಾಯಿ ಬಿಡಲ್ಲ. ನನ್ನ ಕಣ್ಣಿಗೆ ಮಣ್ಣು ಹಾಕೋಕೆ ಹೋಗಿ ನಿಮ್ಮ ಕಣ್ಣಿಗೇ ಹಾಕ್ಕೊಂಡ್ರಿ.”

ಅವನೇ ಪ್ರಶ್ನೆಯ ಸುತ್ತ ಒಂದು ಜೋಡಿ ಕಂಸ, ಒಳಗೆ ‘ಡಿಸ್‌ಪ್ಲೇ’ ಎಂಬ ಒಂದು ಪದ ಸೇರಿಸಿದ. ಉತ್ತರ ಬಂದು ನಿಂತಿತು. ಹಲ್ಲಯ್ಯನ ಹುಬ್ಬು ಮಾತ್ರ ಇನ್ನಷ್ಟು ಗಂಟಾಯಿತು.

“ಇದೆಲ್ಲ ನಿಂಗೆ ಹೇಗೆ ಗೊತ್ತು?”

“ಕದ್ದು ನೋಡಿದೆ. ಹೇಳ್ಕೊಡಿ ಅಂದ್ರೆ ಪರದೆಗೆ ಟವೆಲ್ ಮುಚ್ತಿದ್ರಿ.”

“ಅಂಗಡಿ ಹಾಕೋಕೆ ತಾನೇ?”

“ಹಾಕೋನಾಗಿದ್ರೆ ಈಗ ಬಾಯಿ ಮುಚ್ಕೊಂಡು ಹೊರಟುಹೋಗ್ತಿದ್ದೆ. ಗಿರಾಕಿ ತಾನಾಗೇ ನನ್ನ ಹಿಂದೆ ಬರ್ತಿದ್ದ.”

ಆ ಮಾತನ್ನು ಹಲ್ಲಯ್ಯ ತಿರುಗಿಸಿ ಮುರುಗಿಸಿ ನೋಡಿದ. ಎಲ್ಲೂ ಬಿರುಕು ಸಿಗಲಿಲ್ಲ. ಆದರೂ ನಂಬದೆ, ಮೊದಲು ಆ ಉತ್ತರದಂತೆ ಒಂದು ಗುಜರಿ ಲೋಹದ ತುಂಡಿನ ಮೇಲೆ ಹಲ್ಲು ಕೊರೆದು, ಜೋಡಿ ಗೇರಿಗೆ ಕೂಡಿಸಿ ತಿರುಗಿಸಿದ. ಹಲ್ಲಿಗೆ ಹಲ್ಲು ಕೂತಿತು. ಆಮೇಲೆ ಕಂಪ್ಯೂಟರಿನ ಮುಂದಕ್ಕೆ ಇನ್ನೊಂದು ಸ್ಟೂಲನ್ನು ಕಾಲಿನಲ್ಲೇ ಎಳೆದ.

“ಕೂತ್ಕೋ. ಕದ್ದು ಕಲಿತೋನು ಅರ್ಧ ಕಲಿತಿರ್ತಾನೆ. ಅರ್ಧ ಕಲಿತೋನ ಕೈಗೆ ನಾನು ಮೆಷಿನ್ ಬಿಡಲ್ಲ.”