ಚಳಿಗೆ ಒಗ್ಗಿದ ಕೈ

ನನ್ನ ಅಕ್ಕನ ಗಂಡ, ಅಂದರೆ ನಮ್ಮ ಭಾವ, ಮೀನು ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದವರು. ಅಲ್ಲಿ ಅವರಿಗೆ ಐಸಣ್ಣ ಎಂದೇ ಹೆಸರು. ಒಳಗೆ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿನ ಚಳಿ. ಉಳಿದವರೆಲ್ಲ ಎರಡೆರಡು ಕೈಗವಸು ತೊಟ್ಟು ಕರಡಿಗಳ ಹಾಗೆ ಓಡಾಡಿದರೆ ಭಾವನದು ಬರಿಗೈ. ಪೆಟ್ಟಿಗೆಯ ಮೇಲೆ ಅಂಗೈ ಒತ್ತಿ, ಒಳಗಿನ ಮೀನು ಪೂರ್ತಿ ಹೆಪ್ಪುಗಟ್ಟಿದೆಯೋ ಇಲ್ಲವೋ ಹೇಳುತ್ತಿದ್ದರು. ಅಳೆಯುವ ಯಂತ್ರ ಬಂದ ಮೇಲೂ ಮ್ಯಾನೇಜರು, "ಯಾವುದಕ್ಕೂ ಐಸಣ್ಣನ್ನ ಒಂದ್ಸಲ ಕೇಳಿಬಿಡಿ" ಎನ್ನುತ್ತಿದ್ದರಂತೆ. ಈ 'ಅಂತೆ' ಭಾವನದೇ. ಮ್ಯಾನೇಜರನ್ನು ನಾನು ನೋಡಿಲ್ಲ.

"ದೇಹ ಅನ್ನೋದು ಹೇಳಿದ ಮಾತು ಕೇಳುತ್ತೆ ಕಣೋ," ಎಂದು ನನ್ನ ಸ್ವೆಟರನ್ನು ಕನಿಕರದಿಂದ ನೋಡುತ್ತಿದ್ದರು. "ಒಗ್ಗಿಸ್ಕೋಬೇಕು ಅಷ್ಟೆ. ನನ್ನ ಕೈಗೆ ಚಳೀನೇ ಹೆದರುತ್ತೆ."

ಅಕ್ಕನ ಮಗಳು ನಾಲ್ಕು ತಿಂಗಳ ಕೂಸಿನೊಂದಿಗೆ ತವರಿಗೆ ಬಂದಿದ್ದಳು; ನೋಡಲು ನಾನೂ ಹೋಗಿದ್ದೆ. ಭಾನುವಾರ ಬೆಳಿಗ್ಗೆ ಅಕ್ಕ ಕೂಸಿಗೆ ಸ್ನಾನ ಮಾಡಿಸಲು ಟಬ್ಬಿಗೆ ನೀರು ಬೆರೆಸುತ್ತಿದ್ದಳು. ಮಧ್ಯೆ ಭಾವ ನುಗ್ಗಿದರು.

"ಬಿಸಿ, ತಂಪಿನ ವಿಷಯದಲ್ಲಿ ಈ ಮನೇಲಿ ನನಗಿಂತ ತಿಳಿದೋರು ಯಾರಿದ್ದಾರೆ? ಸರಿ ಆ ಕಡೆ." ಒಲೆಯ ಮೇಲಿದ್ದ ನೀರನ್ನು ತಾವೇ ಸುರಿದು, ಮಣಿಕಟ್ಟಿನವರೆಗೆ ಕೈ ಮುಳುಗಿಸಿದರು. "ಹದವಾಗಿದೆ. ಇಳಿಸು ಮಗೂನ."

ಅಕ್ಕ ಕೂಸನ್ನು ಎತ್ತಿಕೊಂಡು ಬಗ್ಗಿದಳು. ಅಭ್ಯಾಸಬಲದಿಂದ ಮೊದಲು ಮೊಣಕೈ ಅದ್ದಿದಳು. ಮರುಕ್ಷಣ ಅವಳು ಚೀರಿದ ರೀತಿಗೆ ನನ್ನ ಕೈಯಲ್ಲಿದ್ದ ಪತ್ರಿಕೆ ಕೆಳಗೆ ಬಿತ್ತು. ಅವಳ ಮೊಣಕೈ ಕೆಂಡದ ಬಣ್ಣಕ್ಕೆ ತಿರುಗಿತ್ತು. ಕೂಸು ಹೆದರಿ ಕಿರುಚಿತು.

ಭಾವನ ಕೈ ಇನ್ನೂ ನೀರಲ್ಲೇ ಇತ್ತು.

"ಏನಾಯ್ತೇ?" ಎಂದು ಕೇಳುತ್ತಿದ್ದರು.

"ರೀ, ಕೈ ತೆಗೀರಿ! ಮೊದಲು ಕೈ ತೆಗೀರಿ!"

ತೆಗೆದಾಗ ಅದು ಬೆಂದಿತ್ತು. ಭಾವ ಅದನ್ನು ಬೇರೆ ಯಾರದೋ ಕೈಯೆಂಬಂತೆ ತಿರುಗಿಸಿ ತಿರುಗಿಸಿ ನೋಡಿದರು. ನಾನು ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರು ಸುಟ್ಟ ಕೈಗೆ ಪಟ್ಟಿ ಕಟ್ಟಿ, ಇನ್ನೊಂದು ಕೈಯನ್ನು ಮೇಜಿನ ಮೇಲಿಟ್ಟು ಕಣ್ಣು ಮುಚ್ಚಲು ಹೇಳಿದರು. ಸ್ವಲ್ಪ ಹೊತ್ತಾದ ಮೇಲೆ ಭಾವ, "ಸೂಜಿ ಯಾವಾಗ ಚುಚ್ತೀರಿ ಸಾರ್?" ಎಂದರು.

"ಐದು ಸಲ ಚುಚ್ಚಿ ಆಯ್ತು."

ಭಾವ ಕಣ್ಣು ತೆರೆದು ತಮ್ಮ ಬೆರಳುಗಳನ್ನು ನೋಡಿಕೊಂಡರು.

"ಚಳಿಗೆ ದೇಹ ಒಂದಷ್ಟು ಒಗ್ಗುತ್ತೆ, ನಿಜ," ಎಂದರು ಡಾಕ್ಟರು. "ನಿಮ್ಮದು ಒಗ್ಗಿರೋದಲ್ಲ. ಮಣಿಕಟ್ಟಿನವರೆಗೂ ನರಗಳು ಸತ್ತಿವೆ. ಜೊತೆಗೆ ವಯಸ್ಸೂ ಸೇರ್ಕೊಂಡಿದೆ. ಇನ್ನು ಆ ಕೋಣೆಗೆ ಕಾಲಿಡಬೇಡಿ. ಅಲ್ಲ, ಮೀನಿನ ಪೆಟ್ಟಿಗೆ ಮುಟ್ಟಿ ನೋಡ್ತೀನಿ ಅಂದ್ರಲ್ಲ, ಹೆಪ್ಪುಗಟ್ಟಿದ್ದು ನಿಮಗೆ ಹೇಗೆ ಗೊತ್ತಾಗ್ತಿತ್ತು?"

ಭಾವ ನನ್ನ ಮುಖ ನೋಡಲಿಲ್ಲ. "ಮೂರು ವರ್ಷದಿಂದ ಪೆಟ್ಟಿಗೆ ತಟ್ಟಿ, ಸದ್ದು ಕೇಳಿ ಹೇಳ್ತಿದ್ದೆ."

ಅಂದರೆ ಕೈಗೆ ಸ್ಪರ್ಶವಿಲ್ಲವೆಂದು ಅವರಿಗೆ ಮೊದಲೇ ಗೊತ್ತಿತ್ತು. ನನಗೆ ಸೂಜಿಗಿಂತ ಆಳಕ್ಕೆ ಇಳಿದದ್ದು ಅದೇ.

ಆಮೇಲೆ ಒಂದು ವಾರ ಅವರು ಕೂಸಿನ ಹತ್ತಿರ ಸುಳಿಯಲಿಲ್ಲ. ಎಂಟನೆಯ ದಿನ ಸ್ನಾನ ಮುಗಿಸಿದ ಅಕ್ಕ, ಬಾಗಿಲಲ್ಲಿ ನಿಂತಿದ್ದವರ ಹೆಗಲಿಗೆ ಟವೆಲ್ಲು ಎಸೆದಳು. "ನೀರಿನ ತಂಟೆಗೆ ಬರಬೇಡಿ. ಒರೆಸೋಕೆ ಬನ್ನಿ."

ಭಾವ ಕೂತು, ಪಟ್ಟಿಯಿಲ್ಲದ ಕೈಯಿಂದ ಕೂಸನ್ನು ತೊಡೆಯ ಮೇಲೆ ಹಿಡಿದುಕೊಂಡರು. "ಲೇ, ತೀರಾ ಗಟ್ಟಿಯಾಗಿ ಹಿಡಿದಿದ್ದೀನಾ? ನೋಡಿ ಹೇಳೇ."

"ಗಟ್ಟಿಯಾದ್ರೆ ಮಗೂನೇ ಹೇಳುತ್ತೆ."

ಭಾವ ಕೈಯತ್ತ ನೋಡಲೇ ಇಲ್ಲ. ಕೂಸಿನ ಮುಖದ ಮೇಲೇ ಕಣ್ಣು ನೆಟ್ಟು, ಅದರ ಹುಬ್ಬು ಒಂಚೂರು ಗಂಟಿಕ್ಕಿದರೂ ಹಿಡಿತ ಸಡಿಲಿಸುತ್ತ, ಮೆಲ್ಲಗೆ ಒರೆಸಿದರು.